ಹಲಸಿನ ಮರದ ಹತ್ತಿರ ಬನ್ನಿ: ಆಂಬುಲೆನ್ಸ್ ಕೆಲಸದವರ ಹರಟೆ

ಮಲೆನಾಡು ಇಎಂಟಿ (ಚರ್ಚೆ ಶುರು ಮಾಡಿದವರು)

ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುವವರು, ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಇರುವವರು, 108ಕ್ಕೆ ಫೋನ್ ಮಾಡಿ ಗೇಟಿನ ಹತ್ತಿರ ಕಾದವರು, ಎಲ್ಲರೂ ಇಲ್ಲಿ ಬರೆಯಿರಿ. ನಮ್ಮ ಕೆಲಸದ ಬಗ್ಗೆ ಪೇಪರ್‌ನಲ್ಲಿ ಬರುವುದು ಹೆಚ್ಚಾಗಿ ಎರಡೇ ಸುದ್ದಿ. ಗಾಡಿ ತಡವಾಗಿ ಬಂತು, ಇಲ್ಲಾ ಗಾಡಿಯಲ್ಲೇ ಹೆರಿಗೆ ಆಯ್ತು. ದಿನಾ ನಡೆಯುವ ಉಳಿದ ಸಂಗತಿ ಯಾರಿಗೂ ಗೊತ್ತಾಗುವುದೇ ಇಲ್ಲ. ಅದರಲ್ಲಿ ನಗು ಬರುವಂಥದ್ದು ಬೇಕಾದಷ್ಟಿದೆ. ತಿಳಿದುಕೊಂಡರೆ ಜೀವ ಉಳಿಸುವಂಥದ್ದೂ ಇದೆ.

ನಾನು ಮೂಡಿಗೆರೆ ಕಡೆ ಇಎಂಟಿ, ಅಂದರೆ ಆಂಬುಲೆನ್ಸ್‌ನಲ್ಲಿ ಪೇಷಂಟ್ ಜೊತೆ ಇದ್ದು ತುರ್ತು ಚಿಕಿತ್ಸೆ ಕೊಡುವ ಕೆಲಸ. ದಾರಿಯ ವಿಷಯದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಮ್ಮ ಕಡೆ ಅರ್ಧ ಸಮಯ ಹೋಗುವುದು ಮನೆ ಹುಡುಕುವುದರಲ್ಲೇ. ಇಲ್ಲಿ ಊರು ಅಂದರೆ ಸಾಲು ಮನೆಗಳಲ್ಲ. ಕಾಫಿ ತೋಟದ ಒಳಗೆ ಒಂದೊಂದೇ ಮನೆ. ಮ್ಯಾಪ್ ಹಾಕಿದರೆ ಪಂಚಾಯಿತಿ ಆಫೀಸಿನ ಮುಂದೆ ತಂದು ನಿಲ್ಲಿಸಿ "ನೀವು ತಲುಪಿದ್ದೀರಿ" ಅನ್ನುತ್ತದೆ. ಅಲ್ಲಿಂದ ಮುಂದೆ ಫೋನ್‌ನಲ್ಲಿ ಹೀಗೆ ನಡೆಯುತ್ತದೆ:

"ಮೇನ್ ರೋಡಿಂದ ಕೆಳಗೆ ಇಳೀರಿ ಸಾರ್, ಹಲಸಿನ ಮರ ಸಿಗುತ್ತೆ."

"ಇಲ್ಲಿ ನಾಲ್ಕು ಹಲಸಿನ ಮರ ಇದೆ ಅಣ್ಣಾ."

"ದೊಡ್ಡದು ಸಾರ್."

"ನಾಲ್ಕೂ ದೊಡ್ಡವೇ."

"ಹಣ್ಣು ಬಿಡದೇ ಇರೋದು ಸಾರ್!"

ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಯಾವ ಮರದಲ್ಲಿ ಹಣ್ಣಿಲ್ಲ ಅಂತ ನೋಡುತ್ತಾ ನಿಂತಿದ್ದೇವೆ, ನಾನೂ ಪೈಲಟ್ಟೂ. (ಹೊಸಬರಿಗೆ ಹೇಳುವುದಾದರೆ, 108ರಲ್ಲಿ ಡ್ರೈವರ್‌ಗೆ ಪೈಲಟ್ ಅಂತಲೇ ಹೆಸರು.) ಇನ್ನು ಕೆಲವರು "ಗೌಡ್ರ ಮನೆ ಅಂದ್ರೆ ಯಾರು ಬೇಕಾದ್ರೂ ಹೇಳ್ತಾರೆ" ಅನ್ನುತ್ತಾರೆ. ಆ ಹೊತ್ತಿನಲ್ಲಿ ಎದ್ದಿರುವುದು ನಾಯಿಗಳು ಮಾತ್ರ.

ಒಂದು ಸಲ ಮಾತ್ರ ಎಂಟು ಒಂಬತ್ತು ವರ್ಷದ ಒಬ್ಬ ಹುಡುಗ ಕ್ರಾಸಿನಲ್ಲಿ ಟಾರ್ಚ್ ಹಿಡಿದು ನಿಂತಿದ್ದ. ಅಜ್ಜನಿಗೆ ಉಬ್ಬಸ ಜಾಸ್ತಿಯಾಗಿತ್ತು. "ಹತ್ತು ಮಗಾ, ದಾರಿ ತೋರಿಸು" ಅಂದರೆ ಹತ್ತಲಿಲ್ಲ. ಗಾಡಿಯ ಮುಂದೆ ಓಡಿದ. ಕೆಸರು, ಇಳಿಜಾರು, ಮಳೆ. ಪ್ರತಿ ತಿರುವಿನಲ್ಲೂ ನಿಂತು, ಲೈಟು ಬಂತಾ ಅಂತ ತಿರುಗಿ ನೋಡಿ, ಮತ್ತೆ ಓಡಿದ. ಮನೆ ತಲುಪಿದ ಮೇಲೆ ಯಾಕೋ ಹತ್ತಲಿಲ್ಲ ಅಂತ ಪೈಲಟ್ ಕೇಳಿದರು. "ಹತ್ತಿದ್ರೆ ಇಂಜೆಕ್ಷನ್ ಹಾಕ್ತೀರಲ್ಲ" ಅಂದ! ಆ ಹುಡುಗ ಓಡಿದ್ದಕ್ಕೆ ನಮಗೆ ಕಡಿಮೆ ಅಂದರೂ ಕಾಲು ಗಂಟೆ ಉಳಿಯಿತು. ಅಜ್ಜನಿಗೆ ಆಕ್ಸಿಜನ್ ಕೊಟ್ಟು, ನೆಬುಲೈಸೇಶನ್ (ಮಾಸ್ಕ್‌ನಲ್ಲಿ ಔಷಧಿಯ ಹಬೆ) ಶುರು ಮಾಡಿದ ಮೇಲೆ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಏರಿತು.

ನಾನು ಎಲ್ಲರಿಗೂ ಹೇಳುವುದು ಇದೇ. ಗಾಡಿ ಬರುವವರೆಗಿನ ಸಮಯ ಮನೆಯವರ ಕೈಯಲ್ಲಿದೆ. ಕ್ರಾಸಿಗೆ ಒಬ್ಬರನ್ನು ಕಳಿಸಿದರೆ ಅರ್ಧ ಕೆಲಸ ಆದ ಹಾಗೆ.

ಹಲೋ ನೂರೆಂಟು

ನಾನು ಫೋನ್ ತೆಗೆಯುವ ಕಡೆಯಿಂದ. ಕರ್ನಾಟಕದಲ್ಲಿ 108 ಶುರುವಾಗಿದ್ದು 2008ರ ನವೆಂಬರ್ 1ಕ್ಕೆ, ಆರೋಗ್ಯ ಕವಚ ಅನ್ನುವ ಹೆಸರಿನಲ್ಲಿ. ಇಷ್ಟು ವರ್ಷ ಆದರೂ ಜನರಿಗೆ ಒಂದು ಸಿಟ್ಟು ಮಾತ್ರ ಹೋಗಿಲ್ಲ: "ಪ್ರಶ್ನೆ ಕೇಳ್ಕೋತ ಕುಂತೀರಲ್ರೀ, ಮೊದ್ಲ ಗಾಡಿ ಕಳಸ್ರೀ!"

ದಯವಿಟ್ಟು ತಿಳಿದುಕೊಳ್ಳಿ. ಊರು ಯಾವುದು, ಏನಾಗಿದೆ ಅಂತ ಗೊತ್ತಾದ ಕೂಡಲೇ ಹತ್ತಿರದ ಗಾಡಿ ಹೊರಡಿಸುವ ಕೆಲಸ ಶುರುವಾಗುತ್ತದೆ. ಉಳಿದ ಪ್ರಶ್ನೆ ಕೇಳುವುದು ಗಾಡಿಯವರು ಏನೇನು ಸಿದ್ಧ ಮಾಡಿಕೊಳ್ಳಬೇಕು ಅಂತ ತಿಳಿಯಲು. ಉಸಿರು ಇದೆಯಾ, ಎಚ್ಚರ ಇದೆಯಾ, ರಕ್ತ ಹೋಗುತ್ತಿದೆಯಾ, ಇಷ್ಟೇ.

ಊರಿನ ಹೆಸರಿನದೇ ದೊಡ್ಡ ಪಾಡು. ಹೊಸಹಳ್ಳಿ, ರಾಂಪುರ, ಬಸವಾಪುರ ಅನ್ನುವ ಹೆಸರಿಗೆ ನಮ್ಮ ರಾಜ್ಯದಲ್ಲಿ ಬರವೇ ಇಲ್ಲ. "ಯಾವ ಹೊಸಹಳ್ಳಿ?" ಅಂತ ಕೇಳಿದರೆ "ನಮ್ಮ ಹೊಸಹಳ್ಳಿ" ಅನ್ನುತ್ತಾರೆ. "ಯಾವ ತಾಲೂಕು?" ಅಂದರೆ ಪಕ್ಕದಲ್ಲಿದ್ದವರನ್ನು ಕೇಳುತ್ತಾರೆ. ಅಲ್ಲಿ ಒಂದು ಚರ್ಚೆ ಶುರುವಾಗುತ್ತದೆ, ಹಳೇ ತಾಲೂಕೋ ಹೊಸ ತಾಲೂಕೋ ಅಂತ. ತಾಲೂಕು, ಹೋಬಳಿ, ಹತ್ತಿರದ ಶಾಲೆ ಅಥವಾ ಗುಡಿ, ಈ ಮೂರು ಹೇಳಿದರೆ ಸಾಕು ನಮಗೆ.

ಇನ್ನು ಬೇರೆ ಫೋನ್‌ಗಳೂ ಬರುತ್ತವೆ. ಕರೆಂಟ್ ಯಾವಾಗ ಬರುತ್ತೆ, ಮೊಬೈಲ್‌ಗೆ ರೀಚಾರ್ಜ್ ಆಗಿಲ್ಲ, ಎಮ್ಮೆ ಹಾಲು ಕೊಡುತ್ತಿಲ್ಲ. ಒಬ್ಬ ಅಜ್ಜಿ ಸಂಜೆ ಹೊತ್ತು ಆಗಾಗ ಫೋನ್ ಮಾಡುತ್ತಿದ್ದರು. ಏನಾಗಿದೆ ಅಮ್ಮ ಅಂದರೆ "ಏನೂ ಇಲ್ಲ, ನೀ ಊಟಾ ಮಾಡಿದಿ?" ಅಂತ ಕೇಳಿ ಇಡುತ್ತಿದ್ದರು. ಲೈನ್ ಖಾಲಿ ಇಡಬೇಕು ಅಂತ ಮೆತ್ತಗೆ ಹೇಳಬೇಕಾಯ್ತು. ಸಲಹೆ ಬೇಕಿದ್ದರೆ 104 ಆರೋಗ್ಯ ಸಹಾಯವಾಣಿ ಇದೆ ಅಮ್ಮ ಅಂತ ನಂಬರ್ ಬರೆಸಿದೆ. ಅಲ್ಲಿಯವರನ್ನೂ ಊಟ ಆಯ್ತಾ ಅಂತ ಕೇಳಿರುತ್ತಾರೆ, ನನಗೆ ಅನುಮಾನವೇ ಇಲ್ಲ.

ರಾಯಚೂರು ಹುಡುಗ

ಅಜ್ಜಿ ❤️

ಸ್ಟೇರಿಂಗ್ ಹಿಡಿದವ

ಬೆಂಗಳೂರಿನಲ್ಲಿ ಪೈಲಟ್. ಮಲೆನಾಡಿನಲ್ಲಿ ಮನೆ ಸಿಗಲ್ಲ, ಇಲ್ಲಿ ಮನೆ ಸಿಕ್ಕರೂ ಮುಟ್ಟಲು ಆಗಲ್ಲ. ಮೂರನೇ ಕ್ರಾಸ್ ಅನ್ನುತ್ತಾರೆ, ಯಾವ ಮೇನ್ ಅಂತ ಹೇಳಲ್ಲ. ಮೇನ್ ಹೇಳಿದರೆ ಸ್ಟೇಜ್ ಹೇಳಲ್ಲ. ಅಪಾರ್ಟ್‌ಮೆಂಟ್ ಆದರೆ ಇನ್ನೊಂದು ಥರ. ಗೇಟಿನಲ್ಲಿ ಸೆಕ್ಯುರಿಟಿಯವರು ರಿಜಿಸ್ಟರ್ ಕೊಟ್ಟು "ಎಂಟ್ರಿ ಮಾಡಿ, ಉದ್ದೇಶ ಬರೀರಿ" ಅನ್ನುತ್ತಾರೆ. ಸೈರನ್ ಹಾಕಿಕೊಂಡು ಬಂದ ಗಾಡಿಗೆ ಉದ್ದೇಶ! ಆ ಅಣ್ಣಂದಿರದ್ದು ತಪ್ಪಲ್ಲ. ಅವರಿಗೆ ಯಾರೂ ಹೇಳಿರುವುದಿಲ್ಲ. 108ಕ್ಕೆ ಫೋನ್ ಮಾಡಿದ ಕೂಡಲೇ ಗೇಟಿಗೆ ಒಂದು ಫೋನ್ ಮಾಡಿ, ಲಿಫ್ಟ್ ಹಿಡಿದಿಡಲು ಒಬ್ಬರನ್ನು ಕೆಳಗೆ ಕಳಿಸಿ. ಹಳೇ ಕಟ್ಟಡದ ಲಿಫ್ಟ್‌ನಲ್ಲಿ ಸ್ಟ್ರೆಚರ್ ಹಿಡಿಯುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸುತ್ತೇವೆ. ಆಗ ಇಬ್ಬರು ಗಟ್ಟಿಮುಟ್ಟಾದ ಅಕ್ಕಪಕ್ಕದವರು ಬೇಕು. ವಿಡಿಯೋ ಮಾಡುವವರು ಸಿಗುತ್ತಾರೆ, ಕೈ ಹಾಕುವವರನ್ನು ಹುಡುಕಬೇಕು.

ಟ್ರಾಫಿಕ್ ಬಗ್ಗೆ ಬರೆಯಬೇಕು ಅಂದರೆ ಬೇರೆ ಚರ್ಚೆಯೇ ಬೇಕು. 2015ರಲ್ಲಿ ಬೈಕ್ ಆಂಬುಲೆನ್ಸ್ ತಂದಿದ್ದು ಸುಮ್ನೆ ಅಲ್ಲ.

ಸಿಲ್ಕ್‌ಬೋರ್ಡ್ ಸವಾರ

ಅಣ್ಣಾ, ಒಂದು ನಿಜವಾದ ಪ್ರಶ್ನೆ. ಸಿಗ್ನಲ್‌ನಲ್ಲಿ ನಾನು ಮುಂದೆ ನಿಂತಿದ್ದೇನೆ, ಕೆಂಪು ದೀಪ ಇದೆ, ಹಿಂದೆ ಆಂಬುಲೆನ್ಸ್ ಕೂಗುತ್ತಿದೆ. ನಾನು ಏನು ಮಾಡಬೇಕು? ಎಡಕ್ಕೆ ಹೋಗಲಾ, ಬಲಕ್ಕೆ ಹೋಗಲಾ, ಸಿಗ್ನಲ್ ದಾಟಲಾ?

ಸ್ಟೇರಿಂಗ್ ಹಿಡಿದವ

ಒಳ್ಳೇ ಪ್ರಶ್ನೆ. ಎಡಕ್ಕೆ ಸರಿಯಿರಿ. ಎಲ್ಲರೂ ಎಡಕ್ಕೆ ಸರಿದರೆ ಬಲಗಡೆ ನಮಗೆ ದಾರಿ ಸಿಗುತ್ತದೆ. ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ಹೋಗಿ ಕೊನೆಗೆ ಮಧ್ಯದಲ್ಲಿ ಒಂದು ಆಟೋ ಉಳಿದುಬಿಡುತ್ತದೆ, ಅದೇ ಕಷ್ಟ. ಅಡ್ಡ ಬರುತ್ತಿರುವ ಗಾಡಿಗಳನ್ನು ನೋಡದೆ ಸಿಗ್ನಲ್ ನುಗ್ಗಬೇಡಿ. ನಿಮಗೆ ಡಿಕ್ಕಿ ಆದರೆ ನಾನು ಎರಡು ಪೇಷಂಟ್ ನೋಡಬೇಕಾಗುತ್ತದೆ. ಪೊಲೀಸರು ಇದ್ದರೆ ಅವರ ಕೈ ನೋಡಿ, ಇಲ್ಲದಿದ್ದರೆ ಸ್ವಲ್ಪ ಮುಂದೆ ಸರಿದು ಜಾಗ ಮಾಡಿ.

ಬೇಕಂತಲೇ ದಾರಿ ಬಿಡದವರಿಗೆ ಕಾನೂನು ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 194ಇ ಅಂತ ಸೇರಿಸಿದರು. 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಆದರೆ ನನ್ನ ಅನುಭವದಲ್ಲಿ ಬೆಂಗಳೂರಿನವರು ದಾರಿ ಬಿಡಬೇಕು ಅಂತಲೇ ಇರುತ್ತಾರೆ. ಬಿಡಲು ಜಾಗ ಇರುವುದಿಲ್ಲ ಅಷ್ಟೇ. ಕೋಪ ಬರುವುದು ನಮ್ಮ ಹಿಂದೆ ಅಂಟಿಕೊಂಡು ಬರುವ ಬೈಕುಗಳ ಮೇಲೆ. ನಾನು ಬ್ರೇಕ್ ಹಾಕಿದರೆ ಅವರು ಹಿಂದಿನ ಬಾಗಿಲಿಗೇ ಬರುತ್ತಾರೆ.

ಇನ್ನೊಂದು, ಪೇಷಂಟ್ ಕಡೆಯವರಿಗೆ. "ಬೇಗ ಹೊಡೀರಿ, ಇನ್ನೂ ಬೇಗ" ಅಂತ ಕೂಗಬೇಡಿ. ಹಿಂದೆ ಇಎಂಟಿ ಸೂಜಿ ಹಿಡಿದು ನಿಂತಿರುತ್ತಾರೆ. ಬೆನ್ನುಮೂಳೆಗೆ ಪೆಟ್ಟಾದವರನ್ನು ಹಂಪ್ ಮೇಲೆ ಹಾರಿಸಿಕೊಂಡು ಹೋದರೆ ಏನಾಗುತ್ತೆ ಯೋಚಿಸಿ. ನಿಧಾನ ಹೋಗುತ್ತಿದ್ದೇನೆ ಅಂದರೆ ಅದಕ್ಕೆ ಕಾರಣ ಇರುತ್ತದೆ.

ಕ್ಯಾಶುವಾಲ್ಟಿ ಸಿಸ್ಟರ್

ತಾಲೂಕು ಆಸ್ಪತ್ರೆಯಲ್ಲಿ ನರ್ಸ್. ಆಂಬುಲೆನ್ಸ್‌ನವರು ತಂದು ಬಿಡುವುದು ನಮ್ಮ ಹತ್ತಿರವೇ. ಹಾವಿನ ವಿಷಯ ಯಾರೂ ಎತ್ತಿಲ್ಲ ಅಂತ ಬರೆಯುತ್ತಿದ್ದೇನೆ.

ಜನರೇ, ಹಾವು ಕಚ್ಚಿದರೆ ಹಾವನ್ನು ತರಬೇಡಿ! ಸತ್ತಿದೆ ಅಂತ ಕವರ್‌ನಲ್ಲಿ ಹಾಕಿಕೊಂಡು ಬರುತ್ತಾರೆ. ಒಂದು ದಿನ ಒಬ್ಬರು ಪ್ಲಾಸ್ಟಿಕ್ ಡಬ್ಬಿಯನ್ನು ಟೇಬಲ್ ಮೇಲೆ ಇಟ್ಟು ಮುಚ್ಚಳ ತೆಗೆದರು. ಹೊಸದಾಗಿ ಸೇರಿದ್ದ ಇಬ್ಬರು ಹುಡುಗಿಯರು ಕುರ್ಚಿ ಹತ್ತಿದರು. ಡಾಕ್ಟರು ಅಲ್ಲಾಡದೆ ನಿಂತು "ಮುಚ್ಚಳ ಹಾಕಿ ಅಣ್ಣ, ಮೆಲ್ಲಗೆ" ಅಂದರು. ಅದು ಕೇರೆ ಹಾವು, ವಿಷ ಇಲ್ಲ. ಆದರೆ ಜೀವಂತ ಇತ್ತು! ಅದನ್ನು ಬಿಟ್ಟು ಬರಲು ಕಚ್ಚಿಸಿಕೊಂಡವರೇ ಎದ್ದು ಹೊರಟಿದ್ದರು, ಹಿಡಿದು ಮಲಗಿಸಬೇಕಾಯ್ತು.

ನಮ್ಮಲ್ಲಿ ಕೊಡುವ ವಿಷನಿರೋಧಕ ಔಷಧ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ರಕ್ತ ಗಾಜಿನ ಟ್ಯೂಬಿನಲ್ಲಿ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು ನೋಡುತ್ತೇವೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಅಂತ ತಿಳಿಯುತ್ತದೆ. ರೆಪ್ಪೆ ಜೋತು ಬೀಳುತ್ತಿದ್ದರೆ ನಾಗರ ಅಥವಾ ಕಟ್ಟು ಹಾವು ಅಂತ ಅನುಮಾನ. ಹೀಗೆ ಹಾವು ಎದುರಿಗೆ ಇಲ್ಲದೆಯೂ ಚಿಕಿತ್ಸೆ ಶುರು ಮಾಡಬಹುದು.

ನೀವು ಮಾಡಬೇಕಾದ್ದು: ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಊದಿಕೊಂಡ ಮೇಲೆ ಕತ್ತರಿಸಬೇಕಾಗುತ್ತದೆ. ಕಚ್ಚಿದ ಕೈ ಕಾಲು ಅಲ್ಲಾಡಿಸಬೇಡಿ. ಹಗ್ಗ, ಟವೆಲ್ ಬಿಗಿಯಾಗಿ ಕಟ್ಟಬೇಡಿ. ಬ್ಲೇಡ್ ಹಾಕಬೇಡಿ, ಬಾಯಲ್ಲಿ ಹೀರಬೇಡಿ. ನಡೆಸಬೇಡಿ. ನಾಟಿ ಔಷಧಿಗೆ ಮೊದಲು ಹೋಗಿ ಆಮೇಲೆ ನಮ್ಮ ಹತ್ತಿರ ಬಂದವರನ್ನು ಉಳಿಸುವುದು ತುಂಬಾ ಕಷ್ಟ. ಈ ಮಾತು ಹೇಳುವಾಗ ನನಗೆ ಹೊಟ್ಟೆ ಉರಿಯುತ್ತದೆ. 2024ರಲ್ಲಿ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ್ದಾರೆ. ಪ್ರತಿ ಕೇಸೂ ಲೆಕ್ಕಕ್ಕೆ ಬರಬೇಕು.

ಮಲೆನಾಡು ಇಎಂಟಿ

ಸಿಸ್ಟರ್ ಹೇಳಿದ್ದಕ್ಕೆ ನಮ್ಮ ಕಡೆಯದ್ದು ಒಂದು ಸೇರಿಸುತ್ತೇನೆ. ಕಾಫಿ, ಏಲಕ್ಕಿ ತೋಟಗಳಲ್ಲಿ ಮೂತಿ ಮೇಲೆತ್ತಿದ ಒಂದು ಚಿಕ್ಕ ಮಂಡಲ ಇದೆ. ಅದರ ವಿಷಕ್ಕೆ ಆ ನಾಲ್ಕು ಹಾವಿನ ಔಷಧ ನಾಟುವುದಿಲ್ಲ. ಹಾಗಾಗಿ ದೂರ ನಿಂತು ಮೊಬೈಲಲ್ಲಿ ಒಂದು ಫೋಟೋ ಸಿಕ್ಕರೆ ಡಾಕ್ಟರಿಗೆ ಉಪಯೋಗ. ಫೋಟೋ ಮಾತ್ರ. ಹಾವು ಹುಡುಕಿಕೊಂಡು ಪೊದೆಗೆ ನುಗ್ಗಬೇಡಿ.

ಕ್ಯಾಶುವಾಲ್ಟಿ ಸಿಸ್ಟರ್

ಹೌದು, ಫೋಟೋ ಓಕೆ. ಡಬ್ಬಿ ಬೇಡ.

ರಾಯಚೂರು ಹುಡುಗ

ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರಿಗೆ ಮೂರ್ಛೆ ಬಂದಾಗ ಎಲ್ಲರೂ ಕೀಲಿ ಕೊಡಿ, ಕೀಲಿ ಕೊಡಿ ಅಂದರು. ನಾನೂ ಜೇಬು ತಡಕಿದೆ. ಕಬ್ಬಿಣ ಹಿಡಿದರೆ ನಿಲ್ಲುತ್ತೆ ಅನ್ನುವುದು ನಿಜವಾ?

ಮಲೆನಾಡು ಇಎಂಟಿ

ನಿಜ ಅಲ್ಲ. ಮೂರ್ಛೆ ಹೆಚ್ಚಾಗಿ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಆ ಹೊತ್ತಿಗೆ ಕೈಯಲ್ಲಿ ಕೀಲಿ ಇರುತ್ತದೆ, ಹೆಸರು ಕೀಲಿಗೆ ಬರುತ್ತದೆ.

ಕೀಲಿ ಗೊಂಚಲು ಹಿಡಿದೇ ಗಾಡಿ ಹತ್ತಿದವರನ್ನು ಕರೆದುಕೊಂಡು ಹೋಗಿದ್ದೇವೆ. ಆಸ್ಪತ್ರೆ ತಲುಪಿದ ಮೇಲೆ ಫೋನ್ ಬಂತು. "ಸಾರ್, ನನ್ನ ಬೈಕ್ ಕೀ ನಿಮ್ಮ ಪೇಷಂಟ್ ಕೈಯಲ್ಲಿದೆ." ಕೊಟ್ಟವರು ಸಂತೆಗೆ ಬಂದಿದ್ದ ರೈತರು. ತರಕಾರಿ ಮೂಟೆ ಕಟ್ಟಿದ ಬೈಕು ರಸ್ತೆಯಲ್ಲೇ ನಿಂತಿತ್ತು. ವಾಪಸ್ ಬರುವಾಗ ಪೈಲಟ್ಟೇ ಹೋಗಿ ಕೊಟ್ಟರು. ಅವರು ಬೈಯಲಿಲ್ಲ. "ಹುಡುಗ ಹೇಗಿದ್ದಾನೆ?" ಅಂತ ಕೇಳಿ, ಒಂದು ಹಿಡಿ ಬೀನ್ಸ್ ಕವರ್‌ಗೆ ಹಾಕಿ ಕೊಟ್ಟರು. ಗಾಡಿಯಲ್ಲಿ ತರಕಾರಿ ಬೇಡ ಅಂದರೂ ಬಿಡಲಿಲ್ಲ.

ಮಾಡಬೇಕಾದ್ದು ಇಷ್ಟು. ಸುತ್ತ ಕಲ್ಲು, ಮೇಜು ಇದ್ದರೆ ಸರಿಸಿ. ತಲೆ ಕೆಳಗೆ ಬಟ್ಟೆ ಇಡಿ. ಒಂದು ಮಗ್ಗುಲಿಗೆ ತಿರುಗಿಸಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಟೈಮ್ ನೋಡಿಕೊಳ್ಳಿ. ಐದು ನಿಮಿಷ ದಾಟಿದರೆ, ಇಲ್ಲಾ ಎಚ್ಚರ ಬರದೆ ಮತ್ತೆ ಶುರುವಾದರೆ ದೊಡ್ಡ ಎಮರ್ಜೆನ್ಸಿ. ಮೊದಲ ಸಲ ಬಂದವರಾದರೂ ಆಸ್ಪತ್ರೆಗೆ ತೋರಿಸಲೇಬೇಕು.

ಆಶಾ ಅಕ್ಕ

ನಾನು ಆಶಾ ಕಾರ್ಯಕರ್ತೆ. ನಮ್ಮ ಊರಿನ ಬಸುರಿಯರ ಜೊತೆ ಗಾಡಿಯಲ್ಲಿ ಹೋಗುವುದು ನಾನೇ. ಗಾಡಿಯಲ್ಲೇ ಹೆರಿಗೆ ಆದದ್ದು ಹೇಳಲೇಬೇಕು.

ಆಸ್ಪತ್ರೆಗೆ ಇನ್ನೂ ದಾರಿ ಇತ್ತು. ಮಗುವಿನ ತಲೆ ಕಾಣಿಸಿತು. ಇಎಂಟಿ ಹುಡುಗ "ಸೈಡಿಗೆ ಹಾಕಿ" ಅಂದ. ಪೈಲಟ್ ಗಾಡಿ ನಿಲ್ಲಿಸಿ, ಇಳಿದು, ರಸ್ತೆ ಕಡೆ ಮುಖ ಮಾಡಿ ನಿಂತರು. ಹೆರಿಗೆ ಕಿಟ್ ಬಿಚ್ಚಿದರು. ಇಎಂಟಿ ವಯಸ್ಸು ಸಣ್ಣದು, ಕೈ ಮಾತ್ರ ನಡುಗಲಿಲ್ಲ. ಮಗು ಬಂದ ಕೂಡಲೇ ಒರೆಸಿ, ತಾಯಿಯ ಎದೆ ಮೇಲೆ ಹಾಕಿ, ಬಟ್ಟೆ ಮುಚ್ಚಿದ. ಹೊಕ್ಕುಳಬಳ್ಳಿಗೆ ಎರಡು ಕ್ಲಿಪ್ ಹಾಕಿ ಮಧ್ಯೆ ಕತ್ತರಿಸಿದ. ಮಗು ಅತ್ತಿತು. ನಾನೂ ಅತ್ತೆ.

ಜೊತೆಯಲ್ಲಿದ್ದ ಅಜ್ಜಿ ಅಳಲಿಲ್ಲ. "ಟೈಮ್ ಎಷ್ಟಪ್ಪಾ? ಬರ್ಕೋ, ಜಾತಕಕ್ಕೆ ಬೇಕು" ಅಂದರು. ಅವನು ಹೇಗೂ ಬರೆಯಬೇಕಲ್ಲ, ಬರೆದುಕೊಂಡ. "ಅದು ಗಾಡಿ ಗಡಿಯಾರದ್ದೋ, ಮೊಬೈಲಿಂದೋ? ನಕ್ಷತ್ರ ಬದಲಾಗೋ ಹೊತ್ತು ಇದು" ಅಂತ ಅಜ್ಜಿ ಬಿಡಲೇ ಇಲ್ಲ. ಪೈಲಟ್ ಹೊರಗಿನಿಂದಲೇ "ನನ್ನ ಮೊಬೈಲಲ್ಲೂ ಅದೇ ಟೈಮ್ ಅಮ್ಮಾ" ಅಂತ ಕೂಗಿದ ಮೇಲೆ ಸಮಾಧಾನ ಆಯ್ತು.

ಆಮೇಲೆ ನಾಲ್ಕು ದಿನ ಬಿಟ್ಟು, ತಾಯಿ ಮಗುವನ್ನು ಆಸ್ಪತ್ರೆಯಿಂದ ಮನೆಗೆ ಬಿಡುವ ಸರ್ಕಾರದ ನಗು-ಮಗು ಗಾಡಿಯಲ್ಲಿ ಬಾಣಂತಿ ಮನೆಗೆ ಬಂದಳು. ಊರಿನವರೆಲ್ಲ ಆ ಮಗುವನ್ನು "ನೂರೆಂಟು" ಅಂತಲೇ ಕರೆಯುವುದು, ನಾಮಕರಣ ಆದಮೇಲೂ.

ಡಬ್ಲಿನ್ ಕನ್ನಡತಿ

ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ಸ್ಥಳ ಅಂತ ಏನು ಬರೆದರು? 😄

ಆಶಾ ಅಕ್ಕ

ಆಸ್ಪತ್ರೆಯವರೇ ನೋಡಿಕೊಂಡರು.

ಹಲೋ ನೂರೆಂಟು

ಅದಕ್ಕೂ ನಿಯಮ ಇದೆ. ಚಲಿಸುವ ವಾಹನದಲ್ಲಿ ಹುಟ್ಟಿದರೆ, ವಾಹನ ಮೊದಲು ನಿಲ್ಲುವ ಜಾಗದಲ್ಲಿ ವಾಹನದ ಹೊಣೆ ಹೊತ್ತವರು ಮಾಹಿತಿ ಕೊಡಬೇಕು. ಜನನ ಮರಣ ನೋಂದಣಿಯ ನಿಯಮಗಳಲ್ಲೇ ಇದೆ. ಬಸ್ಸು, ರೈಲಿಗೂ ಇದೇ.

ಡಬ್ಲಿನ್ ಕನ್ನಡತಿ

ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್, ಊರು ಪುತ್ತೂರು. ಮಲೆನಾಡಿನ ಹಲಸಿನ ಮರದ ಕಥೆ ಓದಿ ನಕ್ಕೂ ನಕ್ಕೂ ಸಾಕಾಯ್ತು, ನಮ್ಮ ತೋಟದ ಮನೆಯೂ ಹಾಗೇ. ಐರ್ಲೆಂಡ್‌ನ ಹಳ್ಳಿಗಳಲ್ಲೂ ಇದೇ ಕಥೆ ಇತ್ತಂತೆ. ಮನೆಗೆ ನಂಬರ್ ಇಲ್ಲ, ಬೀದಿಗೆ ಹೆಸರಿಲ್ಲ, ಒಂದೇ ಊರಲ್ಲಿ ಒಂದೇ ಮನೆತನದ ಹೆಸರಿನವರು ಎಷ್ಟೋ ಜನ. 2015ರಲ್ಲಿ ಏರ್‌ಕೋಡ್ ಅಂತ ತಂದರು. ಪ್ರತಿ ಮನೆಗೂ ಏಳು ಅಕ್ಷರ-ಅಂಕಿಗಳ ಬೇರೆ ಬೇರೆ ಕೋಡ್. 999ಕ್ಕೆ ಫೋನ್ ಮಾಡಿ ಕೋಡ್ ಹೇಳಿದರೆ ಆಂಬುಲೆನ್ಸ್ ಬಾಗಿಲಿಗೇ ಬರುತ್ತದೆ. ಫ್ರಿಡ್ಜ್ ಮೇಲೆ ಬರೆದು ಅಂಟಿಸಿಕೊಂಡವರೂ ಇದ್ದಾರೆ.

ನಮ್ಮ ದೇಶದಲ್ಲೂ ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ತಂದಿದೆಯಲ್ಲ? 10 ಅಕ್ಷರ-ಅಂಕಿ, ಹೆಚ್ಚು ಕಡಿಮೆ ನಾಲ್ಕು ಮೀಟರ್ ಚೌಕಕ್ಕೆ ಒಂದು. ತೋಟದ ಮನೆಗಳಿಗೆ ಇದಕ್ಕಿಂತ ಒಳ್ಳೆಯದು ಏನಿದೆ? ಅಪ್ಪನ ಮನೆಯದ್ದು ತೆಗೆದು ಗೋಡೆ ಮೇಲೆ ಪೇಂಟಲ್ಲಿ ಬರೆಸಿದ್ದೇನೆ.

ಮಲೆನಾಡು ಇಎಂಟಿ

ತುಂಬಾ ಒಳ್ಳೇ ಕೆಲಸ. ಸದ್ಯಕ್ಕೆ ನಮಗೆ ವಾಟ್ಸ್ಆಪ್‌ನಲ್ಲಿ ಲೊಕೇಶನ್ ಕಳಿಸಿದರೂ ಸಾಕು. ಗುಡ್ಡದ ಹಿಂದೆ ನೆಟ್‌ವರ್ಕ್ ಇರುವುದಿಲ್ಲ ಅನ್ನುವುದೇ ತೊಡಕು. ಅದಕ್ಕೇ ಟಾರ್ಚ್ ಹಿಡಿದ ಹುಡುಗನನ್ನು ನಾನು ಯಾವತ್ತೂ ಬಿಟ್ಟುಕೊಡಲ್ಲ.

ಸಿಲ್ಕ್‌ಬೋರ್ಡ್ ಸವಾರ

ಇದೆಲ್ಲ ಸರಿ. ಆದರೆ ಆಂಬುಲೆನ್ಸ್ ಕಾಯುವುದಕ್ಕಿಂತ ಆಟೋ ಹಿಡಿದು ಹೋಗುವುದೇ ಒಳ್ಳೆಯದು ಅಂತ ನನ್ನ ಅನುಭವ. ಮಾವನಿಗೆ ಹಾಗೇ ಮಾಡಿದೆವು, ಬದುಕಿದರು.

ಸ್ಟೇರಿಂಗ್ ಹಿಡಿದವ

ಬದುಕಿದ್ದು ಸಂತೋಷ. ಆದರೆ ಎಲ್ಲಕ್ಕೂ ಇದೇ ಸೂತ್ರ ಮಾಡಬೇಡಿ. ರಸ್ತೆ ಅಪಘಾತದಲ್ಲಿ ಬಿದ್ದವರನ್ನು ಮಡಚಿ ಆಟೋಗೆ ತುಂಬುವುದನ್ನು ನೋಡಿದ್ದೇನೆ. ಕುತ್ತಿಗೆಗೆ ಪೆಟ್ಟಾಗಿದ್ದರೆ ಅಲ್ಲಿಗೇ ಕೈಕಾಲು ಸ್ವಾಧೀನ ಹೋಗಬಹುದು. ಉಸಿರಾಟದ ತೊಂದರೆ ಇದ್ದವರಿಗೆ ಆಟೋದಲ್ಲಿ ಆಕ್ಸಿಜನ್ ಎಲ್ಲಿಂದ ಬರಬೇಕು?

ಮಲೆನಾಡು ಇಎಂಟಿ

ಇಬ್ಬರ ಮಾತಿನಲ್ಲೂ ಹುರುಳಿದೆ. ನಮ್ಮ ಕಡೆ ನಡೆಯುವುದು ಹೀಗೆ. ಗಾಡಿ ದೂರ ಇದ್ದರೆ ಮನೆಯವರು ಜೀಪಿನಲ್ಲಿ ಹೊರಡುತ್ತಾರೆ, ನಾವು ಈ ಕಡೆಯಿಂದ ಹೊರಡುತ್ತೇವೆ, ಮಧ್ಯದಲ್ಲಿ ಭೇಟಿ. ಕೊಟ್ಟಿಗೆಹಾರದ ಬಳಿ ಹೀಗೆ ಎಷ್ಟೋ ಕೇಸ್ ಜೀಪಿನಿಂದ ಗಾಡಿಗೆ ಹಾಕಿಕೊಂಡು, ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿದ್ದೇವೆ. ಆದರೆ ಮೊದಲು 108ಕ್ಕೆ ಫೋನ್ ಮಾಡಿ, ಅವರ ಜೊತೆ ಮಾತಾಡಿಕೊಂಡೇ ಹೊರಡಿ. ಹೇಳದೆ ಹೊರಟರೆ ನಾವು ಖಾಲಿ ಮನೆ ಮುಂದೆ ನಿಂತಿರುತ್ತೇವೆ. ಅಷ್ಟು ಹೊತ್ತು ಇನ್ನೊಬ್ಬರಿಗೆ ಆ ಗಾಡಿ ಸಿಗುವುದಿಲ್ಲ.

ಕ್ಯಾಶುವಾಲ್ಟಿ ಸಿಸ್ಟರ್

ಗ್ಯಾಸ್ಟ್ರಿಕ್ ಬಗ್ಗೆ ಯಾರಾದರೂ ಬರೆಯುತ್ತೀರಾ ಅಂತ ಕಾಯುತ್ತಿದ್ದೆ. ನಾನೇ ಬರೆಯುತ್ತೇನೆ.

ಗಂಡಸು, ಐವತ್ತರ ಆಸುಪಾಸು, ಬೆವರಿನಿಂದ ಅಂಗಿ ಒದ್ದೆ, ಎದೆ ಮೇಲೆ ಕೈ. ಬಂದು ಹೇಳುವ ಮೊದಲ ಮಾತು "ಏನಿಲ್ಲ ಸಿಸ್ಟರ್, ಗ್ಯಾಸ್ಟ್ರಿಕ್." ರಾತ್ರಿ ಬೋಂಡಾ ತಿಂದಿದ್ದೆ, ಜೀರಿಗೆ ಸೋಡಾ ಕುಡಿದೆ, ಎರಡು ಸಲ ತೇಗು ಬಂತು, ಹೀಗೆ ಪೂರ್ತಿ ಪಟ್ಟಿ ಕೊಡುತ್ತಾರೆ. ಇಸಿಜಿ ತೆಗೆದರೆ ಹಾರ್ಟ್ ಅಟ್ಯಾಕ್. ಒಬ್ಬರಂತೂ ಇಸಿಜಿ ವೈರ್ ಹಚ್ಚಿಕೊಂಡೇ ಹೆಂಡತಿಗೆ ಫೋನ್ ಮಾಡಿ "ಗ್ಯಾಸ್ ಟ್ರಬಲ್ ಅಂತೆ, ಅರ್ಧ ಗಂಟೇಲಿ ಬರ್ತೀನಿ" ಅಂದರು. ಫೋನ್ ನಾನು ಇಸಿದುಕೊಂಡು "ಅಮ್ಮಾ, ನೀವೇ ಇಲ್ಲಿಗೆ ಬನ್ನಿ" ಅಂದೆ. ಚಿಕಿತ್ಸೆ ಆಗಿ ವಾರ ಕಳೆದ ಮೇಲೆ ದಂಪತಿ ಬಂದು ಮಾತಾಡಿಸಿ ಹೋದರು. ಹೆಂಡತಿ ಇನ್ನೂ ಸಿಟ್ಟಿನಲ್ಲಿದ್ದರು, ಬೋಂಡಾ ವಿಷಯಕ್ಕೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದ ಮೇಲೆ ಜನ ಹೆದರಿ ಇಸಿಜಿಗೆ ಸಾಲುಗಟ್ಟಿದ್ದು ನಿಮಗೂ ನೆನಪಿರಬೇಕು. ಈಗ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡುತ್ತಾರೆ. ದುಬಾರಿ ಔಷಧ, ಜನರಿಗೆ ಉಚಿತ. ಆದರೆ ನೀವು ಬೇಗ ಬಂದರೆ ಮಾತ್ರ ಅದರ ಪ್ರಯೋಜನ. ನೋವು ಶುರುವಾದ ಹೊತ್ತು ಸರಿಯಾಗಿ ಹೇಳಿ. ಸಕ್ಕರೆ ಕಾಯಿಲೆ ಇದ್ದವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಸಂಕಟ, ದವಡೆ ನೋವು ಬರಬಹುದು. ಬೈಕ್ ಓಡಿಸಿಕೊಂಡು ಬರಬೇಡಿ.

ಪಾರ್ಶ್ವವಾಯುವೂ ಅಷ್ಟೇ. ಮುಖ ಒಂದು ಕಡೆ ವಾರೆ, ಒಂದು ಕೈ ಏಳುತ್ತಿಲ್ಲ, ಮಾತು ತೊದಲು. ಎಣ್ಣೆ ಹಚ್ಚಿ ಉಜ್ಜುತ್ತಾ ಕೂರಬೇಡಿ. ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ.

ರಾಯಚೂರು ಹುಡುಗ

ಎದುರಿಗೇ ಬಿದ್ದು ಉಸಿರೇ ಇಲ್ಲದಿದ್ದರೆ?

ಹಲೋ ನೂರೆಂಟು

108 ಡಯಲ್ ಮಾಡಿ ಸ್ಪೀಕರ್‌ಗೆ ಹಾಕಿ, ಫೋನ್ ಕೆಳಗಿಡಿ. ಎದೆಯ ಮಧ್ಯದಲ್ಲಿ ಅಂಗೈ ಇಟ್ಟು, ಇನ್ನೊಂದು ಕೈ ಅದರ ಮೇಲೆ. ಮೊಣಕೈ ಬಗ್ಗಿಸದೆ ಸುಮಾರು ಎರಡು ಇಂಚು ಒಳಗೆ ಹೋಗುವಂತೆ ಒತ್ತಿ, ಪೂರ್ತಿ ಬಿಡಿ. ನಿಮಿಷಕ್ಕೆ 100ರಿಂದ 120 ಸಲ. ನಾವು ಜೊತೆಗೆ ಎಣಿಸುತ್ತೇವೆ. ಬಾಯಿಗೆ ಬಾಯಿ ಇಟ್ಟು ಊದಲು ಹೆದರಿಕೆ ಆದರೆ ಬೇಡ, ಒತ್ತುವುದು ನಿಲ್ಲಿಸಬೇಡಿ. ಸುಸ್ತಾದರೆ ಇನ್ನೊಬ್ಬರಿಗೆ ಬಿಡಿ. ಪಕ್ಕೆಲುಬು ಮುರಿದೀತು ಅಂತ ಕೈ ತೆಗೆದರೆ ಜೀವವೇ ಹೋಗುತ್ತದೆ.

ಅಪಘಾತದವರಿಗೆ ನೆರವಾಗಲು ಪೊಲೀಸ್ ಕೇಸಿನ ಭಯವೂ ಬೇಡ. 2019ರ ತಿದ್ದುಪಡಿಯಲ್ಲೇ 134ಎ ಅಂತ ಬಂದಿದೆ. ಒಳ್ಳೆ ಮನಸ್ಸಿನಿಂದ ನೆರವಾದವರ ಮೇಲೆ ಕೇಸ್ ಹಾಕುವಂತಿಲ್ಲ, ಹೆಸರು ಹೇಳಲೇಬೇಕು ಅಂತಲೂ ಇಲ್ಲ.

ಸ್ಟೇರಿಂಗ್ ಹಿಡಿದವ

ಊಟದ ವಿಷಯ ಬರೆಯದೆ ಈ ಹರಟೆ ಮುಗಿಯಬಾರದು. 12 ಗಂಟೆ ಪಾಳಿ. ಗಾಡಿ ನಿಲ್ಲುವ ಜಾಗದ ಎದುರಿನ ಹೋಟೆಲಿನವರಿಗೆ ನಮ್ಮ ಕಷ್ಟ ಗೊತ್ತು. ಮಸಾಲೆ ದೋಸೆ ಕೇಳಿದರೆ ಕೊಡಲ್ಲ. "ನಿಮಗೆ ಇಡ್ಲಿನೇ ಸರಿ, ದೋಸೆ ಮೆತ್ತಗಾಗುತ್ತೆ" ಅಂತ ಕಟ್ಟಿಯೇ ಕೊಡುತ್ತಾರೆ. ನಾವು ಕುಳಿತು ತಿನ್ನುವುದನ್ನು ಅವರು ನೋಡಿರುವುದೇ ಅಪರೂಪ. ಸಂಬಳ ತಡವಾದ ತಿಂಗಳಲ್ಲಿ ಪುಸ್ತಕದಲ್ಲಿ ಬರೆದುಕೊಂಡು ಊಟ ಹಾಕಿದ್ದಾರೆ, ಒಂದು ದಿನವೂ ಕೇಳಿಲ್ಲ. ಅವರ ಋಣ ದೊಡ್ಡದು.

ಆಯುಧ ಪೂಜೆ ದಿನ ಗಾಡಿ ತೊಳೆದು, ಬಾಳೆಕಂಬ ಕಟ್ಟಿ, ಚೆಂಡು ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಿದ್ದೆವು. ಆರತಿ ಎತ್ತುವಾಗ ಕೇಸ್ ಬಂತು. ನಿಂಬೆಹಣ್ಣು ಪಚಕ್ ಅಂತು, ಹೊರಟೇಬಿಟ್ಟೆವು. ಬಾಳೆಕಂಬ ಕಟ್ಟಿಕೊಂಡೇ ಸೈರನ್ ಹಾಕಿದ್ದೇವೆ. ರಸ್ತೆಯಲ್ಲಿ ಜನ ಕೈ ಮುಗಿದು ದಾರಿ ಬಿಟ್ಟರು! ಪೇಷಂಟ್ ಒಬ್ಬ ತಾತ, ಬಿಪಿ ಇಳಿದು ಬಿದ್ದಿದ್ದರು. ಸ್ಟ್ರೆಚರ್ ಮೇಲೆ ಕಣ್ಣು ಬಿಟ್ಟು, ಬಾಗಿಲಿಗೆ ನೇತಾಡುವ ಹೂ ನೋಡಿ, "ಪೂಜೆ ಮುಗೀತೇನಪ್ಪಾ?" ಅಂದರು. ಇನ್ನೂ ಇಲ್ಲ ತಾತ ಅಂದರೆ "ಹಾಗಾದ್ರೆ ಕಡಲೆಪುರಿ ಎಲ್ಲಿ?" ಅಂತ ಕೇಳಿದರು.

ಆಶಾ ಅಕ್ಕ

ನಮ್ಮ ಊರಲ್ಲಿ ಒಬ್ಬಂಟಿ ಅಜ್ಜಿಗೆ ಜ್ವರ ನೆತ್ತಿಗೇರಿತ್ತು. ಗಾಡಿ ಬಂದರೂ ಹತ್ತಲ್ಲ ಅಂತ ಹಟ. "ಹಸು ಕರೆಯೋರು ಯಾರು?" ಅನ್ನುವುದು ಒಂದೇ ಮಾತು. ಇಎಂಟಿ ಎಷ್ಟು ಹೇಳಿದರೂ ಕೇಳಲಿಲ್ಲ. ಪೈಲಟ್ ಪಕ್ಕದ ಮನೆಗೆ ಹೋಗಿ ಅಲ್ಲಿನ ಸೊಸೆಯನ್ನು ಕರೆತಂದರು. ಆಕೆ ಚೊಂಬು ಹಿಡಿದು ಕೊಟ್ಟಿಗೆಗೆ ಹೋದಳು. ಹಾಲು ಚೊಂಬಿಗೆ ಬೀಳುವ ಸದ್ದು ಕೇಳಿದ ಮೇಲೆ ಅಜ್ಜಿ ಎದ್ದು, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು.

ಮಲೆನಾಡು ಇಎಂಟಿ

ಇಂಥದ್ದನ್ನೇ ಕೇಳಬೇಕು ಅಂತ ಇದನ್ನು ಶುರು ಮಾಡಿದ್ದು. ಇಲ್ಲಿ ಬಂದ ಮಾತುಗಳಲ್ಲಿ ದಾರಿ ಹೇಳುವುದು, ಹಾವು, ಮೂರ್ಛೆ, ಎದೆನೋವು, ಇಷ್ಟನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ನಮ್ಮ ಪಂಚಾಯಿತಿ ಮತ್ತು ಹಾಲಿನ ಡೇರಿಯ ಬೋರ್ಡಿಗೆ ಹಾಕುತ್ತೇನೆ. ಡೇರಿಗೆ ಬೆಳಿಗ್ಗೆ ಸಂಜೆ ಎಲ್ಲರೂ ಬರುತ್ತಾರೆ, ಅದೇ ಒಳ್ಳೇ ಜಾಗ. ಸಿಸ್ಟರ್, ಹಾಕುವ ಮೊದಲು ಒಮ್ಮೆ ಓದಿ ನೋಡುತ್ತೀರಾ?

ಕೊಡಗಿನ ಕಡೆಯವರು ಯಾರಾದರೂ ಇದ್ದರೆ ಬರೆಯಿರಿ. ಎಸ್ಟೇಟ್ ಒಳಗಿನ ಲೈನ್ ಮನೆಗಳಿಗೆ (ತೋಟದ ಕೆಲಸದವರ ಸಾಲು ಮನೆಗಳಿಗೆ) ರಾತ್ರಿ ಗಾಡಿ ಬಂದಾಗ ಗೇಟ್ ಕೀಲಿ ಯಾರ ಹತ್ತಿರ ಇರುತ್ತೆ, ಅದನ್ನು ಹೇಗೆ ಸರಿ ಮಾಡಿಕೊಂಡಿರಿ ಅಂತ ತಿಳಿಯಬೇಕು. ನಮ್ಮ ಕಡೆ ಆ ಸಮಸ್ಯೆ ಹಾಗೇ ಇದೆ.

ಕ್ಯಾಶುವಾಲ್ಟಿ ಸಿಸ್ಟರ್

ಕಳಿಸಿ, ನೈಟ್ ಡ್ಯೂಟಿ ಮುಗಿಸಿ ಓದುತ್ತೇನೆ. ಡಬ್ಬಿ ವಿಷಯ ಕೆಂಪಲ್ಲಿ ಬರೆಯಿರಿ.